ದೇವರಮನೆ ಬಾಗಿಲ ಮೇಲಿನ ಬಿಸಿ

ವೇದಿಕೆಯ ಮೇಲೆ ನನಗಿಂತ ಎತ್ತರದ ಕುರ್ಚಿ ಹಿಡಿದಿರುವ ಅಧ್ಯಕ್ಷರೇ, ಟ್ರಾಫಿಕ್ಕು ದಾಟಿ ಚಾಮರಾಜಪೇಟೆ ಮುಟ್ಟಿದ ಮುಖ್ಯ ಅತಿಥಿಗಳೇ, ಉಪ್ಪಿಟ್ಟಿನ ವಾಸನೆ ಬಂದರೂ ಅಲುಗಾಡದ ಸಭಿಕರೇ,

ಇಂದು ಸನ್ಮಾನ ಪಡೆದ ಡಾಕ್ಟರ್ ಯಶಶ್ರೀ ನನ್ನ ಅಕ್ಕ ಶೈಲಜಮ್ಮನ ಮಗಳು. ಆಕಾಶಕ್ಕೆ ಹಾರಿಸಿದ ಇನ್‌ಫ್ರಾರೆಡ್ ದೂರದರ್ಶಕದಿಂದ ನಕ್ಷತ್ರ ನೋಡುವುದು ಅವಳ ಉದ್ಯೋಗ. ಧೂಳಿನ ಮೋಡದಲ್ಲಿ ಅಡಗಿದ ಎಳೆಯ ನಕ್ಷತ್ರ ಕಣ್ಣಿಗೆ ಕಾಣುವುದಿಲ್ಲವಂತೆ. ಅದರ ಬಿಸಿ ಕಾಣುತ್ತದಂತೆ. ಇದರಲ್ಲಿ ಹೊಸದೇನಿದೆ? ನಲವತ್ತು ವರ್ಷದಿಂದ ಕಾಫಿ ಬೀಜ ಹುರಿಯುವ ನಾನು ಹೊಗೆಯೊಳಗೆ ಕೈ ಚಾಚಿಯೇ ಹದ ಹೇಳಬಲ್ಲೆ. ಹಾಗೆ ಹೇಳಲು ಹೋಗಿಯೇ ಬಲಗೈ ತೋರುಬೆರಳು ಯಂತ್ರದ ಪಾಲಾಯಿತು. ವಿಜ್ಞಾನಕ್ಕೆ ಇದಕ್ಕಿಂತ ಹೆಚ್ಚು ಕೊಟ್ಟವರು ಈ ಪೇಟೆಯಲ್ಲಿ ಯಾರಿದ್ದಾರೆ?

‘ಪ್ರೋತ್ಸಾಹಿಸಿದ ಸೋದರಮಾವ’ ಎಂದು ನನಗೂ ಶಾಲು ಹೊದಿಸಿದಿರಿ. ಸಂತೋಷ. ಆದರೆ ಯಶಶ್ರೀ ಆಗಿನಿಂದ ನಗುತ್ತಿದ್ದಾಳೆ. ಅವಳು ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ.

ಹನ್ನೆರಡು ವರ್ಷದ ಹಿಂದೆ ಅವಳಿಗೆ ಸಂಶೋಧನೆಗೆ ಸೀಟು ಸಿಕ್ಕಿತು. ಭಾವ ಮಲ್ಲಿಕಾರ್ಜುನಯ್ಯನವರು ನನ್ನನ್ನು ಕೇಳದೆ ಕೊಡೆಯನ್ನೂ ಕೊಳ್ಳುವವರಲ್ಲ. ಮಹಡಿ ಹತ್ತಿದರೆ ಪುಕ್ಕಟೆ ಕಾಣುವ ನಕ್ಷತ್ರಕ್ಕೆ ಐದು ವರ್ಷ ಓದಬೇಕೆ, ಬೇಡ ಎಂದೆ. ಒಪ್ಪಿಗೆ ಪತ್ರ ಕಳಿಸಲು ಒಂದೇ ದಿನ ಉಳಿದಿದ್ದಾಗ ಗಣೇಶನ ಹಬ್ಬ ಬಂತು.

ನೈವೇದ್ಯವಾಗುವವರೆಗೆ ಕಡುಬಿನ ಕಡೆ ನೋಡಬಾರದೆಂಬುದು ಅಕ್ಕನ ಕಟ್ಟಪ್ಪಣೆ. ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡೇ ತಿಂದೆ. ದೇವರಮನೆಯ ಬಾಗಿಲನ್ನು ಅಂಗೈಯಿಂದ ಒತ್ತಿ ಮುಚ್ಚಿ ಬಂದು ಪೇಪರು ಹಿಡಿದೆ. ಇಪ್ಪತ್ತೊಂದು ಕಡುಬು ಹತ್ತೊಂಬತ್ತಾಗಿದ್ದು ಕಂಡು ಅಕ್ಕ ಕೂಗಾಡಿದಾಗ ಬೆಕ್ಕಿನ ಹೆಸರು ಹೇಳಿದೆ.

ಯಶಶ್ರೀ ನನ್ನನ್ನು ಪಕ್ಕಕ್ಕೆ ಕರೆದಳು. ಕಾಲೇಜಿನಿಂದ ತಂದಿದ್ದ ಬಿಸಿ ಹಿಡಿಯುವ ಕ್ಯಾಮೆರಾದಲ್ಲಿ ದೀಪದ ಚಿತ್ರ ತೆಗೆಯಲು, ನಾನು ಈಚೆ ಬಂದ ಬೆನ್ನಿಗೇ ಅವಳು ಅತ್ತ ಹೋಗಿದ್ದಳಂತೆ. ಚಿತ್ರದಲ್ಲಿ ಮರದ ಬಾಗಿಲ ಮೇಲೆ, ಮುಟ್ಟಿದ ಕೈ ಬಿಟ್ಟುಹೋದ ಬಿಸಿಯ ಅಚ್ಚು ಕೆಂಡದ ಹಾಗೆ ಹೊಳೆಯುತ್ತಿತ್ತು. ಹೆಬ್ಬೆರಳೂ ಸೇರಿ ನಾಲ್ಕೇ ಬೆರಳು.

"ಬೆಕ್ಕಿಗೂ ನಿಮ್ ಥರಾನೇ ಬೆರಳು ಹೋಗಿದ್ಯಾ, ಮಾವ?"

"ನಿಮ್ಮಮ್ಮಂಗೆ ತೋರಿಸ್ಬೇಡ ಕಣೇ."

"ತೋರ್ಸಲ್ಲ. ಸಂಜೆಯೊಳಗೆ ಅಪ್ಪಂಗೆ ಹೂಂ ಅಂದ್ಬಿಡಿ, ಅಷ್ಟೇ."

ಹೂಂ ಅಂದೆ. ನಕ್ಷತ್ರಗಳ ಮಹಿಮೆಯ ಬಗ್ಗೆ ಭಾವನಿಗೆ ಅರ್ಧ ಗಂಟೆ ಉಪದೇಶವನ್ನೂ ಮಾಡಿದೆ. ಅಕ್ಕ, ಹಾಗೆ ನೋಡಬೇಡ, ಸಭೆಯಿದೆ.

ನಿಜ ಹೇಳಲೇ? ನಾನು ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸಿಗೇ ನಿಂತವನು. ಇವಳು ಇಷ್ಟು ಓದಿಬಿಟ್ಟರೆ ಆ ಮನೆಯಲ್ಲಿ ನನ್ನನ್ನು ಕೇಳುವವರು ಯಾರು ಎಂದು ಹೆದರಿದ್ದೆ. ಯಶಶ್ರೀ, ನಾನು ಹೆದರಿದ್ದು ಸರಿಯಾಗಿಯೇ ಇತ್ತಮ್ಮ. ಈಗ ಎಲ್ಲರೂ ನಿನ್ನನ್ನೇ ಕೇಳುತ್ತಾರೆ. ಹೋದ ವಾರ ಹೊಸ ಯಂತ್ರ ಕೊಳ್ಳುವಾಗ ನಾನೂ ನಿನ್ನನ್ನೇ ಕೇಳಿದೆ.

ಶಾಲು ಕೊಟ್ಟವರಿಗೂ, ಅದನ್ನು ವಾಪಸ್ಸು ಕೇಳದವರಿಗೂ ವಂದನೆಗಳು. ನಮಸ್ಕಾರ.