ದೇವದುರ್ಗದ ಬಸ್ಸಿನಲ್ಲಿ ಹಿಡಿದ ಸೀಟು

ಮಾನ್ವಿ ಬಸ್ ನಿಲ್ದಾಣದಲ್ಲಿ ರಾಯಚೂರು ಬಸ್ಸಿಗೆ ಕಾದು ಕುಳಿತಿದ್ದ ಯಮನೂರಪ್ಪನ ಕಿವಿಗೆ ಪಕ್ಕದ ಇಬ್ಬರು ಹೆಂಗಸರ ಮಾತು ಬಿತ್ತು. ಒಬ್ಬರು ಶಾಲೆಯ ಪಿ.ಟಿ. ಟೀಚರು, ಇನ್ನೊಬ್ಬಾಕೆ ಅದೇ ಶಾಲೆಯ ಹುಡುಗಿಯೊಬ್ಬಳ ತಾಯಿ ಬಾಲಮ್ಮ.

“ಟೀಚರ್, ನಮ್ಮ ಹುಡುಗಿಗಿ ಆಟದ ಪಿರಿಯಡ್ ಬಿಡಸ್ರಿ.”

“ಯಾಕ್ರಿ ಬಾಲಮ್ಮ?”

“ದೊಡ್ಡಾಕಿ ಆಗ್ಯಾಳ್ರಿ. ಓಡೋದು, ಜಿಗಿಯೋದು ಚಂದ ಕಾಣಂಗಿಲ್ಲ.”

“ಹತ್ತಿ ಬಿಡಸಾಕ ಹೋಗುವಾಗ ಟ್ರ್ಯಾಕ್ಟರ್ ಜಿಗದೇ ಹತ್ತತಾಳಲ್ಲ?”

“ಅದು ಕೆಲಸರೀ. ಇದು ಆಟ.”

“ಆಟದಾಗ ಬೀಳೋದು, ಏಳೋದು, ನನ್ನ ಪಾಳಿ ನನಗ ಕೊಡ್ರಿ ಅಂತ ಕೇಳೋದು ಕಲೀತಾಳ. ಮುಂದ ಬೇಕಾಗ್ತದ.”

“ಹೆಣ್ಮಕ್ಕಳು ಓಡೋ ಪ್ರಸಂಗ ಎಲ್ಲಿ ಬರ್ತದ ಬಿಡ್ರಿ.”

ಅಷ್ಟರಲ್ಲಿ ದೇವದುರ್ಗದ ಬಸ್ಸು ಬಂತು. ಟೀಚರು ಬ್ಯಾಗು ಎತ್ತಿಕೊಳ್ಳುವುದರೊಳಗೆ ಬಾಲಮ್ಮ ಸೆರಗು ಸೊಂಟಕ್ಕೆ ಸಿಗಿಸಿ, ಇನ್ನೂ ನಿಲ್ಲದ ಬಸ್ಸಿನ ಜತೆ ಓಡಿ, ಜಿಗಿದು, ಸೀಟು ಹಿಡಿಯಲು ಕಿಟಕಿಯೊಳಗೆ ಟವೆಲ್ಲು ಎಸೆದಾಗಿತ್ತು. ಬಾಗಿಲ ಗದ್ದಲದಲ್ಲಿ ಆಕೆ ಒಳಗೆ ನುಗ್ಗಿದಳು, ಗಂಡಸರೇ ಹಿಂದೆ ಉಳಿದರು.

“ಬರ್ರಿ ಟೀಚರ್, ನಿಮಗೂ ಸೀಟು ಹಿಡದೀನಿ.”

ಟೀಚರು ಹೋಗಿ ಪಕ್ಕದಲ್ಲಿ ಕುಳಿತರು. ಆಕೆಯ ಮುಖವನ್ನೇ ನೋಡಿದರು. ಏದುಸಿರು ಬಿಡುತ್ತಿದ್ದ ಬಾಲಮ್ಮ ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ಹೊರಗೆ ಕುಳಿತಿದ್ದ ಯಮನೂರಪ್ಪನಿಗೆ ಆಕೆಯ ಮಾತು ಸ್ಪಷ್ಟವಾಗಿ ಕೇಳಿಸಿತು.

“ಆಟಕ್ಕ ಕಳಸ್ತೀನಿ ಬಿಡ್ರಿ. ಆದ್ರ ನಾ ಓಡಿದ್ದು ಹುಡುಗಿ ಮುಂದ ಹೇಳಬ್ಯಾಡ್ರಿ.”

ಬಸ್ಸು ಹೊರಟಿತು.