ಬೀಳುವವರನ್ನೂ ತೋರಿಸಿದ ಸಿನಿಮಾ

ಪರ್ಕಳದ ಬಸ್‌ಸ್ಟಾಪಿನಲ್ಲಿ ಮಗಳ ಶಾಲೆಯ ವ್ಯಾನು ಕಾಯುತ್ತಿದ್ದೆ. ಕಟ್ಟಡದಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಗಾರೆ ಕೆಲಸದ ತಿಮ್ಮಣ್ಣ, ಕ್ಯಾಸೆಟ್ ಅಂಗಡಿಯ ಶೇಖರನಿಗೆ ಎರಡು ಕ್ಯಾಸೆಟ್ ಹಿಂತಿರುಗಿಸುತ್ತಿದ್ದ. ಎರಡೂ ಹಿಮದ ಮೇಲೆ ಜಾರುವವರ ಸಿನಿಮಾ.

“ಹೊಸದು ಹೇಗುಂಟು ಮಾರಾಯ?” ಶೇಖರ ಕೇಳಿದ. “ಹೆಲಿಕಾಪ್ಟರಿನಿಂದ ಹಾರುತ್ತಾರೆ, ಅಲ್ವಾ?”

“ಭಾರೀ ಐತ್ರಿ. ಆದ್ರ ಅದ್ರಾಗ ಯಾರೂ ಬೀಳೂದೇ ಇಲ್ಲ.”

“ಆ ಹಳೇ ಕಪ್ಪು-ಬಿಳುಪಿನದ್ದು?”

“ನಾಕು ಸಲ ನೋಡೀನ್ರಿ. ದಬಕ್ಕನ ಬೀಳ್ತಾರ, ಹಿಮಾ ಕೊಡವಿ ನಕ್ಕೋಂತ ಏಳ್ತಾರ. ಅದನ್ನ ನೋಡೇ ಊರುಗೋಲು ಬಿಟ್ಟೆ.”

“ಡಾಕ್ಟ್ರು ಹೇಳಿದ್ದಕ್ಕಲ್ವಾ?”

“ಅವ್ರು ತಿಂಗಳಿಂದ ಹೇಳಾಕತ್ತಿದ್ರು. ಅಂಜಿಕಿ ಬಿಡಿಸಿದವ್ರು ನೀವ್ರಿ. ನಿಮ್ಮ ಉಪಕಾರ ಮರೆಯೂದಿಲ್ಲ.”

“ಉಪಕಾರ ಎಂತದ್ದು? ಆ ಕ್ಯಾಸೆಟ್ಟನ್ನು ಐದು ವರ್ಷದಿಂದ ಒಬ್ಬರೂ ಕೇಳಿರಲಿಲ್ಲ!”

ಬಸ್ಸು ಬಂತು. ಹತ್ತಿಸಲು ಶೇಖರ ಕೈ ಚಾಚಿದ.

“ಬ್ಯಾಡ್ರಿ,” ಎಂದ ತಿಮ್ಮಣ್ಣ, ಮುರಿದಿದ್ದ ಕಾಲನ್ನೇ ಮೊದಲು ಮೆಟ್ಟಿಲಿಗಿಟ್ಟು ಹತ್ತಿದ.