ಈರಕ್ಕನಿಗೆ ಇಡದ ಎಡೆ

ಆದಿವಾಲದ ಪಾಪಣ್ಣ ಅಂದ್ರೆ ಸುಮ್ನೆ ಅಲ್ಲ, ನಮ್ಮ ದೊಡ್ಡಪ್ಪನ ಮಗ. ಎರಡು ಹೆಗಲಿಗೆ ಎರಡು ಶೇಂಗಾ ಮೂಟೆ ಹೊತ್ತು ಓಡೋನು. ಹೆದರಿಕೆ ಅನ್ನೋದು ನಮ್ಮ ವಂಶದಲ್ಲೇ ಇಲ್ಲ. ಅಂಥೋನು ಎಪ್ಪತ್ನಾಲ್ಕನೇ ಇಸವಿ, ಹಿರಿಯರ ಹಬ್ಬದ ಅಮಾಸೆ ರಾತ್ರಿ, ಆಲದ ಮರದ ಬಾವಿ ಹತ್ರ ನಿಂತುಬಿಟ್ಟ.

ಬಾವಿ ರಾಟೆ ತಿರುಗ್ತಿತ್ತು. ಕಿರ್‍ರ್... ಕಿರ್‍ರ್... ಹಗ್ಗ ಇರಲಿಲ್ಲ.

ಸಂಜೆ ಮನೇಲಿ ಜಗಳ ಆಡಿ ಹೊಲಕ್ಕೆ ಹೋಗಿ ಕುಂತಿದ್ದೋನು ವಾಪಸು ಬರ್ತಿದ್ದ. ಆ ಹಬ್ಬದ ದಿನ ಹೊಸ ಫಸಲಿನ ಅಡುಗೆ ಮಾಡಿ, ಸತ್ತೋರಿಗೆ ಇಷ್ಟವಾದದ್ದೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಕದ ಎಳ್ಕೊಂಡು ಮನೆಮಂದಿ ಹೊರಗೆ ಕೂರ್ತಾರೆ. ಹಿರಿಯರು ಉಂಡು ಹೋಗೋ ತನಕ ಯಾರೂ ಇಣುಕಂಗಿಲ್ಲ. ಅವನ ಅವ್ವ ಕೆಂಚಕ್ಕ ಎಲೆಗಳ ಪಕ್ಕ ಹಸಿರು ಸೀರೆಯೊಂದು ತಂದಿಟ್ಟಿದ್ದಳು. ಅವನ ಹೆಂಡ್ತಿ ಈರಕ್ಕನ ಹೆಸರಿಗೆ.

ಈರಕ್ಕ ಎರಡು ವರ್ಷದ ಹಿಂದೆ ಮಾಡದಕೆರೆಯ ತವರಿಗೆ ಅಂತ ಹೊರಟೋಳು ತವರು ಮುಟ್ಟಲಿಲ್ಲ. ಹೆಣಾನೂ ಸಿಗಲಿಲ್ಲ. ಯಾರದೋ ಜತೆ ಓಡಿಹೋದಳು ಅಂತ ಊರು ಆಡ್ಕೊಂಡು ನಗ್ತಿತ್ತು. ಪಾಪಣ್ಣ ಮಾತ್ರ ಓಡಿಹೋಗಿದ್ರೂ ಸರಿ, ಎಲ್ಲಾದ್ರೂ ಬದುಕಿರ್ಲಿ ಅಂತಿದ್ದ. ಸೀರೆ ಕಂಡಿದ್ದೇ ತೆಗೆದು ಮೂಲೆಗೆ ಬಿಸಾಕಿದ.

"ಬದುಕಿರೋಳಿಗೆ ಎಡೆ ಇಟ್ಟು ಸಾಯಿಸ್ತೀಯೇನವ್ವ?"

ಈಗ ಬಾವಿ ಕಟ್ಟೆ ಮೇಲೆ ಯಾರೋ ಕುಂತಿದ್ರು. ಕಾಲುಂಗುರ ಕಲ್ಲಿಗೆ ತಾಗ್ತಿತ್ತು... ಟಕ್... ಟಕ್...

ಚುಕ್ಕಿ ಬೆಳಕಲ್ಲಿ ಆ ಆಕಾರ, ಆ ಕುಂತ ಭಂಗಿ. ಗುರುತು ಹತ್ತದೇ ಇರ್ತದಾ? ಎರಡು ಹೆಜ್ಜೆ ಮುಂದಕ್ಕೆ ಇಟ್ಟ.

"ಈರೀ... ಬಂದ್ಯಾ? ಮನೆಗೆ ಹೋಗಾಣ ಬಾ."

"ಬಾಗ್ಲ ತನಕ ಬಂದಿದ್ದೆ," ಅಂದಳು, ಉಸಿರಿನಷ್ಟೇ ದನಿ. "ಎಲ್ರನ್ನೂ ಕರದ್ರಿ. ನನ್ನ ಕರೀಲಿಲ್ಲ... ಹೋದ ವರ್ಷಾನೂ."

ಪಾಪಣ್ಣ ಅಲ್ಲೇ ತಲೆ ತಗ್ಗಿಸಿ ನೆಲಕ್ಕೆ ಕುಂತ. ಹೆದರಿ ಅಲ್ಲ, ಅಷ್ಟು ತಿಳ್ಕಳ್ರಿ. ಬದುಕಿದಾಳೆ ಅಂತ ಎರಡು ವರ್ಷ ಹಿಡ್ಕೊಂಡಿದ್ದ ಆಸೆ ಒಂದೇ ಮಾತಿಗೆ ಕೈ ಬಿಟ್ಟಿತು.

"ಹಸಿವಾ?" ಅಂದ.

"ಹ್ಞೂಂ..."

ತಲೆ ಎತ್ತುವಷ್ಟರಲ್ಲಿ ಕಟ್ಟೆ ಬರಿದು. ರಾಟೆ ನಿಂತಿತ್ತು.

ಮನೆಗೆ ಬಂದ. ತಾನೇ ಎಲೆ ಹಾಕಿದ, ನವಣೆ ಅನ್ನ, ಹೋಳಿಗೆ ಬಡಿಸಿದ. ಸೀರೆಯ ದೂಳು ಕೊಡವಿ ಇಟ್ಟ. ದೀಪ ಹಚ್ಚಿ, ಅವಳ ಹೆಸರು ಹಿಡಿದು ಕರೆದ. ಕದ ಎಳ್ಕೊಂಡು ಹೊಸ್ತಿಲ ಆಚೆ ಬೆನ್ನು ಕೊಟ್ಟು ಕುಂತು, ಅಳು ಕೇಳಿಸಬಾರದು ಅಂತ ಟವಲ್ಲು ಬಾಯಿಗೆ ತುರುಕ್ಕೊಂಡ. ಒಳಗೆ ಎಲೆ ಸರಿದ ಸದ್ದು... ಸರ್... ಆಮೇಲೆ ಏನೂ ಇಲ್ಲ.

ಕೋಳಿ ಕೂಗಿದ ಮೇಲೆ ಕೆಂಚಕ್ಕ ಕದ ತೆಗೆದಳು. ಸೀರೆ ಇಟ್ಟಲ್ಲೇ ಇತ್ತು, ಅನ್ನ ಹಂಗೇ ಇತ್ತು.

ಹೋಳಿಗೆ ಮಾತ್ರ ಅರ್ಧ ಮುರಿದಿತ್ತು. ಆ ಅರ್ಧ ಎಲೆ ಮೇಲೆ ಇರಲಿಲ್ಲ. ಹೊಸ್ತಿಲ ಒಳಗಡೆ, ಅವನು ಬೆನ್ನು ಕೊಟ್ಟು ಕುಂತಿದ್ದ ಜಾಗಕ್ಕೆ ಸರಿಯಾಗಿ ಇಟ್ಟಿತ್ತು. ಕದಕ್ಕೆ ಇಲಿ ತೂರೋ ಸಂದೂ ಇಲ್ಲ, ನಾನೇ ಕೈ ಹಾಕಿ ನೋಡಿದೀನಿ. ಸುಳ್ಳಾದ್ರೆ ಕೆಂಚಕ್ಕ ಇನ್ನೂ ಇದಾಳೆ, ಹೋಗಿ ಕೇಳ್ರಿ.